ಕಂಪ್ರೆಸರ್‌ಗೆ ದುಡ್ಡಿದೆ, ಮುಕ್ಕಾಲು ಗಂಟೆಗೆ ಇಲ್ಲ

ಹಳೆಯ ಕಾರಿನ ಏಸಿ ಕಂಪ್ರೆಸರ್ ಕೈಕೊಟ್ಟಿದೆ ಎಂದು ಆಫೀಸಿನಲ್ಲಿ ಒಮ್ಮೆ ಬಾಯಿಬಿಟ್ಟು ನೋಡಿ. ಹತ್ತರಲ್ಲಿ ಎಂಟು ಜನ 'ಮಾರಿಬಿಡಿ' ಅನ್ನುತ್ತಾರೆ. ಉಳಿದಿಬ್ಬರು 'ಹೊಸ ಕಂಪ್ರೆಸರ್ ಹಾಕಿಸಿ, ಅರ್ಧ ದಿನದ ಕೆಲಸ' ಅನ್ನುತ್ತಾರೆ. ನನಗೆ ಎರಡೂ ಸಲಹೆ ಒಪ್ಪಿಗೆಯಿಲ್ಲ. ಮೊದಲನೆಯದು ಲೆಕ್ಕಕ್ಕೆ ಕೂರುವುದಿಲ್ಲ. ಎರಡನೆಯದು, 'ಅರ್ಧ ದಿನ' ಎಂಬ ಆ ಎರಡು ಶಬ್ದಗಳಿಂದಾಗಿ, ಅದೇ ಕೆಲಸವನ್ನು ವರ್ಷದೊಳಗೆ ಇನ್ನೊಮ್ಮೆ ಮಾಡಿಸುವ ದಾರಿ.

ಚೆನ್ನೈ, ಹೈದರಾಬಾದ್, ಪುಣೆಗಳಲ್ಲಿರುವ ನಮ್ಮಲ್ಲಿ ಬಹಳ ಜನ ಓಡಿಸುವುದು ಊರಿನಿಂದ ತಂದ ಕಾರು. ಅಪ್ಪ ನಿವೃತ್ತಿಯ ಹೊತ್ತಿಗೆ ಕೊಂಡಿದ್ದು, ಕಣ್ಣಿನ ಆಪರೇಷನ್ ಆದ ಮೇಲೆ ಓಡಿಸುವುದು ಬಿಟ್ಟಿದ್ದು, ಅಂಗಳದಲ್ಲಿ ಹೊದಿಕೆ ಹೊದ್ದು ನಿಂತಿದ್ದು. ನನ್ನದು ಅಂಥದೇ, 2009ರ ಸಣ್ಣ ಪೆಟ್ರೋಲ್ ಕಾರು. ಶಿವಮೊಗ್ಗದಲ್ಲಿ ಇದ್ದಷ್ಟು ವರ್ಷ ಅದರ ಏಸಿಗೆ ಹೇಳಿಕೊಳ್ಳುವಂಥ ಕೆಲಸವೇ ಇರಲಿಲ್ಲ. ಚೆನ್ನೈಗೆ ಬಂದ ಮೇಲೆ ವರ್ಷಕ್ಕೆ ಹತ್ತು ತಿಂಗಳು ದುಡಿಮೆ. ಇಲ್ಲಿನವರು 'ಕತ್ತಿರಿ ವೆಯಿಲ್' ಅನ್ನುವ ಮೇ ತಿಂಗಳ ಬಿಸಿಲಿನಲ್ಲಿ ಸಿಗ್ನಲ್‌ಗೆ ನಿಂತ ಕಾರಿನ ಏಸಿ ಪಡುವ ಪಾಡು ಮಲೆನಾಡಿನಲ್ಲಿ ಕಲ್ಪನೆಗೂ ಬರುವುದಿಲ್ಲ. ನಂಬರ್ ಪ್ಲೇಟ್ ಬದಲಾಯಿಸಿ ಕೆಎ-14 ಹೋಗಿ ಟಿಎನ್ ಬಂದ ದಿನ ಅಪ್ಪ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. ಏಸಿ ಹೋದ ಸುದ್ದಿಗೆ ಮಾತ್ರ ನಕ್ಕುಬಿಟ್ಟರು: 'ಏಸಿ ಇಲ್ಲದೆ ನಾವೆಲ್ಲ ಓಡಾಡಿಲ್ವೇನೋ ಮಾರಾಯ.' ಓಡಾಡಿದ್ದಾರೆ, ನಿಜ. ಆದರೆ ಮೂರು ವರ್ಷದ ಮಗಳನ್ನು ಹಿಂದೆ ಕೂರಿಸಿಕೊಂಡು ಮಧ್ಯಾಹ್ನ ಎರಡು ಗಂಟೆಗೆ ರಾಣಿಪೇಟೆ ದಾಟಿದವರಲ್ಲ.

ಮಾರಾಟದ ಲೆಕ್ಕವನ್ನು ಮೊದಲು ಮುಗಿಸುತ್ತೇನೆ. ಏಸಿ ಸತ್ತ ಈ ಕಾರಿಗೆ ಇಲ್ಲಿ ಸಿಕ್ಕ ಒಳ್ಳೆಯ ಬೆಲೆ 90,000 ರೂಪಾಯಿ. ಹೊಸ ಸಣ್ಣ ಕಾರಿಗೆ 6 ಲಕ್ಷ ಸಾಲ ಮಾಡಿದರೆ, ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ, ತಿಂಗಳ ಕಂತು ಸುಮಾರು 12,450. ಕಂಪ್ರೆಸರ್ ಕೆಲಸವನ್ನು ಸರಿಯಾಗಿ ಮಾಡಿಸಿದ್ದಕ್ಕೆ ನನಗೆ ಬಿದ್ದದ್ದು 25,850. ಅಂದರೆ ಎರಡು ಕಂತು ಮತ್ತು ಸ್ವಲ್ಪ ಚಿಲ್ಲರೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿ ಇದ್ದದ್ದು 5,000ಕ್ಕೆ ಏರಿತು. ಅದನ್ನೂ ಸೇರಿಸಿಕೊಳ್ಳಿ. ಎಂಜಿನ್ ಚೆನ್ನಾಗಿದೆ, ತಳಭಾಗ ತುಕ್ಕು ಹಿಡಿದಿಲ್ಲ ಎಂದಾದರೆ, ಏಸಿ ಒಂದರ ಕಾರಣಕ್ಕೆ ಕಾರು ಮಾರುವುದು ಅಂದರೆ ಹಲ್ಲು ನೋವಿಗೆ ಮನೆ ಬದಲಾಯಿಸಿದ ಹಾಗೆ. ದೆಹಲಿಯಲ್ಲಿರುವವರ ಕಷ್ಟ ಬೇರೆ, ಅಲ್ಲಿ ಹಳೆಯ ಕಾರಿನ ಪ್ರಶ್ನೆಯನ್ನು ಕೋರ್ಟು ಕಚೇರಿಗಳು ನಿರ್ಧರಿಸುತ್ತವೆ. ಅವರನ್ನು ಈ ಲೆಕ್ಕದಿಂದ ಹೊರಗಿಡುತ್ತೇನೆ.

ಸತ್ತದ್ದು ಕಂಪ್ರೆಸರೇ ಹೌದೋ ಅಲ್ಲವೋ ಎಂಬುದು ಅದಕ್ಕೂ ಮೊದಲಿನ ಪ್ರಶ್ನೆ. ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕಂಪ್ರೆಸರ್ ಎಂಜಿನ್ನಿನ ಬೆಲ್ಟಿನಿಂದ ತಿರುಗುತ್ತದೆ. ಏಸಿ ಗುಂಡಿ ಒತ್ತಿದಾಗ 'ಟಕ್' ಎಂದು ಸದ್ದು ಬರುತ್ತದಲ್ಲ, ಅದು ಮ್ಯಾಗ್ನೆಟಿಕ್ ಕ್ಲಚ್ ಕಚ್ಚಿಕೊಳ್ಳುವ ಸದ್ದು. ಆ ಸದ್ದು ಬರಲಿಲ್ಲ ಎಂದ ಮಾತ್ರಕ್ಕೆ ಕಂಪ್ರೆಸರ್ ಹೋಯಿತು ಎಂದಲ್ಲ. ಗ್ಯಾಸ್ ಕಡಿಮೆಯಾಗಿದ್ದರೆ ಪ್ರೆಷರ್ ಸ್ವಿಚ್ಚೇ ಕ್ಲಚ್ಚನ್ನು ತಡೆದು ನಿಲ್ಲಿಸುತ್ತದೆ. ಅದು ಇರುವುದೇ ಕಂಪ್ರೆಸರನ್ನು ಕಾಪಾಡಲಿಕ್ಕೆ. ರಿಲೇ ಸುಟ್ಟಿರಬಹುದು, ಫ್ಯೂಸ್ ಹೋಗಿರಬಹುದು, ಕ್ಲಚ್ಚಿನ ಕಾಯಿಲ್ ಹೋಗಿರಬಹುದು, ಕ್ಲಚ್ ತಟ್ಟೆ ಸವೆದು ನಡುವಿನ ಸಂದು ದೊಡ್ಡದಾಗಿರಬಹುದು. ಏಸಿ ಆಫ್ ಇದ್ದಾಗಲೂ ಗರಗರ ಸದ್ದು ಬರುತ್ತಿದ್ದರೆ, ಏಸಿ ಹಾಕಿದೊಡನೆ ಅದು ಬದಲಾದರೆ, ಬಹುಮಟ್ಟಿಗೆ ಅದು ಪುಲ್ಲಿಯ ಬೇರಿಂಗ್. ಕೆಲವು ನೂರು ರೂಪಾಯಿಯ ಬೇರಿಂಗಿಗಾಗಿ ಇಡೀ ಕಂಪ್ರೆಸರ್ ಬದಲಾಯಿಸಿಕೊಂಡವರು ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದ್ದಾರೆ. ಅವರಿಗೆ ಹೇಳಲು ಹೋಗಿಲ್ಲ. ಹೇಳಿ ಈಗ ಏನು ಪ್ರಯೋಜನ?

ನನ್ನ ಕಾರಿನಲ್ಲಿ ನಿಜವಾಗಿಯೂ ಕಂಪ್ರೆಸರ್ ಕಚ್ಚಿಕೊಂಡಿತ್ತು. ಕ್ಲಚ್ ಹಿಡಿದ ತಕ್ಷಣ ಬೆಲ್ಟ್ ಕಿರುಚಿ, ರಬ್ಬರ್ ಸುಟ್ಟ ವಾಸನೆ. ಎಂಜಿನ್ ನಿಲ್ಲಿಸಿ ಕ್ಲಚ್ಚಿನ ಮುಂದಿನ ಗುಬುಟನ್ನು ಕೈಯಲ್ಲಿ ತಿರುಗಿಸಲು ನೋಡಿದರೆ ಅಲ್ಲಾಡಲಿಲ್ಲ. ಇಲ್ಲಿಂದ ಮುಂದಿನದು ನನ್ನ ವಾದದ ತಿರುಳು. ಕಚ್ಚಿಕೊಂಡ ಕಂಪ್ರೆಸರ್ ಒಂದೇ ಸಾಯುವುದಿಲ್ಲ. ಒಳಗೆ ಪಿಸ್ಟನ್ನು, ಗೋಡೆ ಉಜ್ಜಿ ಉದುರಿದ ಅಲ್ಯುಮಿನಿಯಂ ಪುಡಿ ಸುಟ್ಟ ಎಣ್ಣೆಯ ಜತೆ ಸೇರಿ ಕಪ್ಪು ಕೆಸರಾಗುತ್ತದೆ. ಗ್ಯಾಸಿನ ಜತೆಗೆ ಅದು ಮುಂದಿನ ಕಂಡೆನ್ಸರ್‌ಗೆ, ಡ್ರೈಯರ್‌ಗೆ, ಎಕ್ಸ್‌ಪ್ಯಾನ್ಶನ್ ವಾಲ್ವ್‌ನ ಸಣ್ಣ ತೂತಿಗೆ ಹೋಗಿ ಕೂರುತ್ತದೆ. ಈಗಿನ ಕಂಡೆನ್ಸರ್‌ಗಳ ಕೊಳವೆಗಳ ಒಳದಾರಿ ಸೂಜಿ ತೂರುವಷ್ಟು ಸಣ್ಣದು. ಅದರಲ್ಲಿ ಸಿಕ್ಕಿಕೊಂಡ ಪುಡಿಯನ್ನು ಪೂರ್ತಿ ತೊಳೆದು ತೆಗೆಯಲು ಸಾಧ್ಯವಿಲ್ಲ. ಅಂಥ ವ್ಯವಸ್ಥೆಗೆ ಹೊಸ ಕಂಪ್ರೆಸರ್ ಜೋಡಿಸಿದರೆ ಅದು ಮೊದಲ ದಿನವೇ ಹಳೆಯದರ ಪುಡಿಯನ್ನು ನುಂಗುತ್ತದೆ.

ಹುಬ್ಬಳ್ಳಿಯ ಕಡೆಯ ನನ್ನ ಸಹೋದ್ಯೋಗಿಯೊಬ್ಬರಿಗೆ ಆಗಿದ್ದು ಇದೇ. ಏಪ್ರಿಲ್‌ನಲ್ಲಿ ಕಂಪ್ರೆಸರ್ ಕಚ್ಚಿಕೊಂಡಿತು. ಒಂದು ಗ್ಯಾರೇಜಿನವರು ಬೆಳಿಗ್ಗೆ ಕಾರು ತೆಗೆದುಕೊಂಡು ಊಟದ ಹೊತ್ತಿಗೆ ತಣ್ಣಗೆ ಮಾಡಿ ಕೊಟ್ಟರು. ಇವರು ಖುಷಿಯಿಂದ ನಮಗೆಲ್ಲ ಆ ಗ್ಯಾರೇಜಿನ ನಂಬರೂ ಕಳಿಸಿದರು. ಸೆಪ್ಟೆಂಬರ್‌ನಲ್ಲಿ ಅದೇ ಕಿರುಚಾಟ. ವಾರಂಟಿ ಕೇಳಿದರೆ, ಡ್ರೈಯರ್ ಬದಲಾಯಿಸಿದ ಬಿಲ್ ಎಲ್ಲಿ, ಲೈನ್ ತೊಳೆದ ಬಿಲ್ ಎಲ್ಲಿ ಎಂದು ಅಂಗಡಿಯವರು ಕೇಳಿದರಂತೆ. ಎರಡೂ ಇರಲಿಲ್ಲ, ಏಕೆಂದರೆ ಎರಡೂ ಆಗಿರಲಿಲ್ಲ. ಬಹುತೇಕ ಕಂಪ್ರೆಸರ್‌ಗಳ ವಾರಂಟಿ ಕಾಗದದಲ್ಲಿ ಈ ಷರತ್ತು ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. ಪೆಟ್ಟಿಗೆಯ ಜತೆ ಅದನ್ನೂ ನಾವು ಗ್ಯಾರೇಜಿನಲ್ಲೇ ಬಿಟ್ಟು ಬರುತ್ತೇವೆ.

ಮೊದಲನೆಯದು ಯಾಕೆ ಸತ್ತಿತು ಎಂಬುದನ್ನೂ ಕೇಳಬೇಕು. ನಮ್ಮ ವೃತ್ತಿಯಲ್ಲಿ ಸರ್ವರ್ ಬಿದ್ದರೆ ಲಾಗ್ ನೋಡದೆ ಹೊಸ ಸರ್ವರ್ ಎಬ್ಬಿಸಿ 'ಸರಿಹೋಯ್ತು' ಎಂದು ಬರೆದರೆ ಮ್ಯಾನೇಜರ್ ಸುಮ್ಮನಿರುತ್ತಾರೆಯೇ? ಕಾರಿನ ವಿಷಯದಲ್ಲಿ ನಾವೇ ಹಾಗೆ ಬರೆಸಿಕೊಂಡು ಬರುತ್ತೇವೆ. ಕಂಪ್ರೆಸರ್‌ಗೆ ಎಣ್ಣೆ ತಲುಪುವುದು ಗ್ಯಾಸಿನ ಜತೆಯಲ್ಲಿ. ಗ್ಯಾಸ್ ಸೋರಿದರೆ ಎಣ್ಣೆಯೂ ಸೋರುತ್ತದೆ. ಪ್ರತಿ ಬೇಸಿಗೆಯಲ್ಲೂ 'ಗ್ಯಾಸ್ ಟಾಪ್‌ಅಪ್' ಮಾಡಿಸುವುದು ನಮ್ಮಲ್ಲಿ ಆಯಿಲ್ ಚೇಂಜ್‌ನಷ್ಟೇ ಸಹಜ ಎಂಬಂತಾಗಿದೆ. ಆದರೆ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಹೋಸ್, ಸೀಲ್‌ಗಳ ಮೂಲಕ ಹಲವು ವರ್ಷಗಳಲ್ಲಿ ಸ್ವಲ್ಪ ಹೋಗುವುದು ಸಹಜ. ವರ್ಷ ವರ್ಷ ಖಾಲಿಯಾಗುತ್ತಿದ್ದರೆ ಎಲ್ಲೋ ತೂತಿದೆ. ತೂತು ಮುಚ್ಚದೆ ಗ್ಯಾಸ್ ಮಾತ್ರ ತುಂಬುತ್ತಾ ಹೋದರೆ ನಾಲ್ಕೈದು ಬೇಸಿಗೆಯಲ್ಲಿ ಎಣ್ಣೆ ಒಣಗಿದ ಕಂಪ್ರೆಸರ್ ಕಚ್ಚಿಕೊಳ್ಳುತ್ತದೆ. ಇನ್ನೊಂದು ಕಾರಣ ಕಂಡೆನ್ಸರ್ ಮುಂದಿನ ಫ್ಯಾನ್. ಅದು ನಿಧಾನವಾದರೆ ಸಿಗ್ನಲ್‌ನಲ್ಲಿ ನಿಂತಾಗ ಶಾಖ ಹೊರಹೋಗದೆ ಒತ್ತಡ ಏರುತ್ತದೆ. ಓಡುವಾಗ ತಣ್ಣಗೆ, ನಿಂತಾಗ ಬಿಸಿ ಗಾಳಿ ಬರುತ್ತಿದ್ದರೆ ಮೊದಲು ಫ್ಯಾನ್ ನೋಡಿಸಿ. ನನ್ನ ಕಾರಿನಲ್ಲಿ ಸಿಕ್ಕ ತಪ್ಪಿತಸ್ಥ ಕಂಡೆನ್ಸರ್‌ನ ಕೆಳತುದಿಯ ಒಂದು ಎಣ್ಣೆಕಲೆ. ಎಣ್ಣೆ ಕಂಡ ಕಡೆ ಧೂಳು ಅಂಟಿ ಕಪ್ಪಗಾಗಿರುತ್ತದೆ. ಅದು ಕಣ್ಣಿಗೇ ಕಾಣುವ ಲಾಗ್.

ಕೆಲಸ ಮಾಡಿದವರು ತೊರೈಪಾಕ್ಕಂನ ಒಳರಸ್ತೆಯೊಂದರಲ್ಲಿ ಒಬ್ಬ ಸಹಾಯಕನ ಜತೆ ಕಾರ್ ಏಸಿ ಅಂಗಡಿ ಇಟ್ಟುಕೊಂಡಿರುವವರು. ನಾನು 'ಅಣ್ಣಾ' ಅನ್ನುತ್ತೇನೆ, ಅವರು 'ಸಾರ್' ಅನ್ನುತ್ತಾರೆ. ನನ್ನ ತಮಿಳು ಅಂಗಡಿ ತಮಿಳು, ಅವರಿಗೆ ಹೊಸೂರಿನಲ್ಲಿ ಕಲಿತ ನಾಲ್ಕು ಕನ್ನಡ ಮಾತು. ಶನಿವಾರ ಬೆಳಿಗ್ಗೆ ಕಾರು ಬಿಟ್ಟು, ಅಂಗಡಿಯ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕುಳಿತು ಪೂರ್ತಿ ನೋಡಿದೆ.

ಅವರು ಮೊದಲು ಮಾಡಿದ್ದು ಹಳೆಯ ಕಂಪ್ರೆಸರ್ ಬಿಚ್ಚಿ ಅದರ ಎಣ್ಣೆಯನ್ನು ಅಳತೆಯ ಲೋಟಕ್ಕೆ ಬಸಿದದ್ದು. ಹೊರಬಂದ ಎಣ್ಣೆ ತೀರಾ ಕಡಿಮೆ, ಬಣ್ಣ ಡಿಕಾಕ್ಷನ್. ಬೆಳಕಿಗೆ ಹಿಡಿದರೆ ಮಿನುಗುವ ಪುಡಿ. 'ಕಂಡೆನ್ಸರ್ ಹೋಯಿತು ಸಾರ್' ಎಂದರು. ನನಗೂ ಅದೇ ಕಂಡಿತು. ಹೊಸ ಕಂಪ್ರೆಸರ್‌ನಲ್ಲಿ ಕೆಲವೊಮ್ಮೆ ಇಡೀ ವ್ಯವಸ್ಥೆಗೆ ಬೇಕಾದಷ್ಟು ಎಣ್ಣೆ ತುಂಬಿ ಬರುತ್ತದೆ, ಕೆಲವೊಮ್ಮೆ ಸಾಗಣೆಗೆ ಬೇಕಾದಷ್ಟು ಮಾತ್ರ. ಹೆಚ್ಚಾದರೆ ತಂಪು ಕಡಿಮೆ, ಕಡಿಮೆಯಾದರೆ ಮತ್ತೆ ಕಚ್ಚಾಟ. ಹಾಗಾಗಿ ಹೊಸದರ ಎಣ್ಣೆಯನ್ನೂ ಅಳೆದು ಪುಸ್ತಕದ ಲೆಕ್ಕಕ್ಕೆ ಹೊಂದಿಸಬೇಕು. ಎಣ್ಣೆಯ ಜಾತಿಯೂ ಮುಖ್ಯ. ನಮ್ಮ ಹಳೆಯ ಕಾರುಗಳ ಗ್ಯಾಸ್ ಆರ್-134ಎ. ಅದಕ್ಕೆ ಸಾಮಾನ್ಯವಾಗಿ ಪಿಎಜಿ ಎಣ್ಣೆ, ಅದರಲ್ಲೂ ಕಂಪ್ರೆಸರ್ ತಯಾರಕರು ಹೇಳಿದ ಗ್ರೇಡ್. ತೊಂಬತ್ತರ ದಶಕದ ಆರ್-12 ಕಾಲದ ಮಿನರಲ್ ಎಣ್ಣೆ ಈ ಗ್ಯಾಸಿನ ಜತೆ ಬೆರೆಯುವುದೇ ಇಲ್ಲ. ಪಿಎಜಿ ಎಣ್ಣೆಗೆ ಇನ್ನೊಂದು ಗುಣವಿದೆ, ಉಪ್ಪಿನ ಹಾಗೆ ಗಾಳಿಯ ತೇವ ಹೀರುತ್ತದೆ. ಅರ್ಧ ಬಳಸಿ ಮುಚ್ಚಳ ಸಡಿಲ ಬಿಟ್ಟ ಡಬ್ಬಿಯನ್ನು ಸಮುದ್ರದ ಗಾಳಿಯ ಈ ಊರಿನಲ್ಲಿ ಮುಟ್ಟಬಾರದು. ಅಣ್ಣ ಹೊಸ ಸಣ್ಣ ಡಬ್ಬಿ ನನ್ನೆದುರೇ ಒಡೆದರು.

ಡ್ರೈಯರ್ ಕೂಡ ತೇವ ಹೀರುವ ಹರಳುಗಳ ಡಬ್ಬಿ. ಕೆಲವು ಕಾರಿನಲ್ಲಿ ಅದು ಬೇರೆ, ಕೆಲವದರಲ್ಲಿ ಕಂಡೆನ್ಸರ್‌ನ ಪಕ್ಕಕ್ಕೇ ಅಂಟಿರುತ್ತದೆ. ಲೈನ್ ಬಿಚ್ಚಿದರೆ ಅದನ್ನು ಬದಲಾಯಿಸಬೇಕು, ಹೊಸದರ ಮುಚ್ಚಳವನ್ನು ಕೊನೆಯಲ್ಲಿ ತೆಗೆಯಬೇಕು. ಬಿಚ್ಚಿದ ಪ್ರತಿ ಕೀಲಿಗೂ ಹೊಸ ಓ-ರಿಂಗ್, ಅದಕ್ಕೆ ಏಸಿ ಎಣ್ಣೆಯನ್ನೇ ಸವರಬೇಕು, ಗ್ರೀಸ್ ಅಲ್ಲ. ಉಳಿದ ಪೈಪುಗಳನ್ನೂ ಕೂಲಿಂಗ್ ಕಾಯಿಲನ್ನೂ ಅದಕ್ಕೆಂದೇ ಇರುವ ದ್ರಾವಣದಿಂದ ತೊಳೆದು ನೈಟ್ರೋಜನ್ ಊದಿ ಒಣಗಿಸಿದರು. ಇದೇ ಕೆಲಸವನ್ನು ಪೆಟ್ರೋಲಿನಲ್ಲಿ ಮಾಡಿ ಟೈರಿಗೆ ಹಾಕುವ ಗಾಳಿ ಬಿಡುವವರನ್ನೂ ನೋಡಿದ್ದೇನೆ. ಆ ಗಾಳಿಯಲ್ಲಿ ಇರುವುದೇ ನೀರು. ಎಲ್ಲ ಜೋಡಿಸಿದ ಮೇಲೆ ಕಂಪ್ರೆಸರ್‌ನ ಗುಬುಟನ್ನು ಕೈಯಲ್ಲಿ ಹತ್ತು ಹನ್ನೆರಡು ಸುತ್ತು ತಿರುಗಿಸಿದರು. ಎಣ್ಣೆ ಹರಡಲಿ, ಒಂದೇ ಕಡೆ ನಿಂತದ್ದು ಶುರುವಿನಲ್ಲೇ ಗುದ್ದದಿರಲಿ ಎಂದು.

ಆಮೇಲೆ ವ್ಯಾಕ್ಯೂಮ್. ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ. ಪಂಪ್ ಹಚ್ಚಿದರೆ ಎರಡು ಮೂರು ನಿಮಿಷಕ್ಕೇ ಗೇಜಿನ ಮುಳ್ಳು ಕೆಳಗೆ ಹೋಗಿ ಕೂರುತ್ತದೆ. ಗಾಳಿ ಹೋಯಿತಲ್ಲ, ಸಾಕು ಎಂದು ಬಹಳ ಕಡೆ ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಪಂಪ್ ಇರುವುದು ಗಾಳಿ ತೆಗೆಯಲಿಕ್ಕೆ ಮಾತ್ರ ಅಲ್ಲ, ನೀರು ಕುದಿಸಲಿಕ್ಕೆ. ಒತ್ತಡ ವಾತಾವರಣದ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿದರೆ ನೀರು ಸುಮಾರು 33 ಡಿಗ್ರಿಗೇ ಕುದಿಯುತ್ತದೆ. ಒಳಗೋಡೆಗೆ ಅಂಟಿದ ತೇವ ಆವಿಯಾಗಿ ಹೊರಬರಬೇಕಾದರೆ ಅದಕ್ಕಿಂತ ಕೆಳಗಿನ ಒತ್ತಡದಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಪಂಪ್ ಓಡುತ್ತಲೇ ಇರಬೇಕು. ತೇವ ಉಳಿದರೆ ಎಕ್ಸ್‌ಪ್ಯಾನ್ಶನ್ ವಾಲ್ವ್‌ನಲ್ಲಿ ಮಂಜುಗಟ್ಟಿ ದಾರಿ ಮುಚ್ಚುತ್ತದೆ, ಗ್ಯಾಸ್ ಎಣ್ಣೆಗಳ ಜತೆ ಸೇರಿ ನಿಧಾನಕ್ಕೆ ಆಮ್ಲವಾಗಿ ಲೋಹ ತಿನ್ನುತ್ತದೆ. ಪಂಪ್ ನಿಲ್ಲಿಸಿದ ಮೇಲೆ ವಾಲ್ವ್ ಮುಚ್ಚಿ ಇನ್ನೊಂದು ಅರ್ಧ ಗಂಟೆ ಮುಳ್ಳು ಅಲ್ಲಾಡುತ್ತದೆಯೇ ನೋಡಬೇಕು. ಮೇಲೆದ್ದರೆ ಸೋರಿಕೆ ಇದೆ ಅಥವಾ ತೇವ ಇನ್ನೂ ಇದೆ.

ಮುಕ್ಕಾಲು ಗಂಟೆ ಅಣ್ಣ ಪಂಪಿನ ಪಕ್ಕ ಕುಳಿತು ಟೀ ಕುಡಿದರು. ಆಗ ಅವರು ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದಿದೆ: 'ಈ ಟೈಮಲ್ಲಿ ನಾನು ಕೆಲಸ ಮಾಡ್ತಿಲ್ಲ ಅಂತ ಕಸ್ಟಮರ್ ಅಂದ್ಕೋತಾರೆ ಸಾರ್. ಸ್ಪ್ಯಾನರ್ ಕೈಯಲ್ಲಿದ್ರೆ ಲೇಬರ್ ಕೊಡ್ತಾರೆ, ಟೀ ಕೈಯಲ್ಲಿದ್ರೆ ಕೊಡಲ್ಲ.'

ಅವರು ಹೇಳಿದ್ದು ನಮ್ಮ ಬಗ್ಗೆ. ನನ್ನ ಬಿಲ್ಲಿನಲ್ಲಿ ಕಂಪ್ರೆಸರ್ 14,200, ಡ್ರೈಯರ್ ಸಹಿತ ಕಂಡೆನ್ಸರ್ 4,100, ಎಕ್ಸ್‌ಪ್ಯಾನ್ಶನ್ ವಾಲ್ವ್ 1,150, ಎಣ್ಣೆ, ಗ್ಯಾಸ್, ಓ-ರಿಂಗ್ ಸೇರಿ 1,900. ಇವುಗಳ ಬಗ್ಗೆ ಯಾರೂ ಚೌಕಾಸಿ ಮಾಡುವುದಿಲ್ಲ, ಪೆಟ್ಟಿಗೆಯ ಮೇಲೆ ಎಂಆರ್‌ಪಿ ಇರುತ್ತದೆ. ಉಳಿದ 4,500 ಲೇಬರ್. ನನ್ನ ಗೆಳೆಯರೆಲ್ಲ ಬೆರಳಿಟ್ಟದ್ದು ಅದರ ಮೇಲೆ: 'ಎರಡು ಸಾವಿರಕ್ಕೆ ಮಾಡ್ತಾರಲ್ಲ ಮಾರಾಯ್ರೇ.' ಮಾಡುತ್ತಾರೆ. ಎರಡು ಸಾವಿರದಲ್ಲಿ ಒಬ್ಬ ಮನುಷ್ಯ ಇಡೀ ದಿನ ಒಂದೇ ಕಾರಿಗೆ ಕೊಡಲಾರ. ಆದ್ದರಿಂದ ತೊಳೆಯುವುದು ಹೋಗುತ್ತದೆ, ವ್ಯಾಕ್ಯೂಮ್ ಹತ್ತು ನಿಮಿಷಕ್ಕೆ ಇಳಿಯುತ್ತದೆ, ಗ್ಯಾಸನ್ನು ತೂಗುವ ಬದಲು ಪೈಪು ಮುಟ್ಟಿ ತುಂಬುತ್ತಾರೆ. ಗ್ರಾಹಕನಿಗೆ ಇದಾವುದೂ ಕಾಣುವುದಿಲ್ಲ, ಸಂಜೆ ತಣ್ಣನೆ ಗಾಳಿ ಬಂದೇ ಬರುತ್ತದೆ. ಕೋಡ್ ಬರೆಯದೆ ವಿನ್ಯಾಸ ಯೋಚಿಸುತ್ತ ಕುಳಿತ ಗಂಟೆಗಳನ್ನೂ ಟೈಮ್‌ಶೀಟಿನಲ್ಲಿ ತುಂಬಿ ಕ್ಲೈಂಟಿಗೆ ಬಿಲ್ ಮಾಡುವ ನಾವು, ಪಂಪಿನ ಪಕ್ಕ ಕುಳಿತವರ ಮುಕ್ಕಾಲು ಗಂಟೆಗೆ ದುಡ್ಡಿಲ್ಲ ಅನ್ನುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಮೆಕ್ಯಾನಿಕ್‌ಗಳು ಮೋಸ ಮಾಡುತ್ತಾರೆ ಎಂಬ ದೂರಿನಲ್ಲಿ ಅರ್ಧ, ನಾವು ಕೊಳ್ಳದ ಸಮಯದ ದೂರು.

ಹೊರನಾಡಿನಲ್ಲಿ ಇದಕ್ಕೆ ಭಾಷೆಯ ಅಳುಕೂ ಸೇರುತ್ತದೆ. ಭಾಷೆ ಬರುವುದಿಲ್ಲ, ಬೀದಿಯವನು ಟೋಪಿ ಹಾಕುತ್ತಾನೆ ಎಂದು ದೊಡ್ಡ ಸರ್ವಿಸ್ ಸೆಂಟರ್‌ಗೆ ಹೋಗುತ್ತೇವೆ. ಅಲ್ಲಿ ಕೆಲಸ ನಡೆಯುವುದು ಗಾಜಿನ ಆಚೆ. ಪಂಪ್ ಎಷ್ಟು ಹೊತ್ತು ಓಡಿತು ಎಂದು ಇಂಗ್ಲಿಷಿನಲ್ಲಿ ಕೇಳಿದರೂ ಕೌಂಟರಿನಲ್ಲಿರುವವರಿಗೆ ಗೊತ್ತಿರುವುದಿಲ್ಲ. ನಾನು ಕಂಡಂತೆ ಗೇಜಿನ ಮುಳ್ಳಿಗೆ, ತಕ್ಕಡಿಯ ಅಂಕಿಗೆ ಭಾಷೆಯಿಲ್ಲ. ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಎಷ್ಟು ಗ್ರಾಂ ಗ್ಯಾಸ್ ಎಂದು ಬರೆದಿರುತ್ತದೆ, ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 300ರಿಂದ 500 ಗ್ರಾಂ. ಅದನ್ನು ತೋರಿಸಿ, ತಕ್ಕಡಿ ತೋರಿಸಿ. ತಕ್ಕಡಿಯೇ ಇಲ್ಲದ ಅಂಗಡಿಯಿಂದ ಎದ್ದು ಬನ್ನಿ.

ಸೆಕೆಂಡ್‌ಹ್ಯಾಂಡ್ ಕಂಪ್ರೆಸರ್ ಬಗ್ಗೆಯೂ ಕೇಳುತ್ತಾರೆ. ಚೆನ್ನೈಯ ಪುದುಪೇಟೆಯಲ್ಲಿ, ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹೊಸದರ ಕಾಲುಭಾಗದ ಬೆಲೆಗೆ ಸಿಗುತ್ತದೆ. ಕಂಪನಿಯೇ ತಯಾರಿಕೆ ನಿಲ್ಲಿಸಿದ ಕಾರಾದರೆ ಬೇರೆ ದಾರಿಯೂ ಇರುವುದಿಲ್ಲ. ಪೈಪಿನ ಬಾಯಿಗಳಿಗೆ ಮುಚ್ಚಳ ಇದೆಯೇ, ಕೈಯಲ್ಲಿ ನಯವಾಗಿ ತಿರುಗುತ್ತದೆಯೇ, ಬಸಿದ ಎಣ್ಣೆ ತಿಳಿಯಾಗಿದೆಯೇ ನೋಡಿ. ಬಾಯಿ ತೆರೆದು ಮಳೆಗಾಲ ಕಳೆದದ್ದನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಹೊಸದು ಸಿಗುವ ಕಾರಿಗೆ ನಾನಂತೂ ಹೊಸದನ್ನೇ ಹಾಕಿಸುತ್ತೇನೆ, ಏಕೆಂದರೆ ಲೇಬರ್ ಎರಡಕ್ಕೂ ಒಂದೇ.

ಇನ್ನೊಂದು ವಿಷಯ ಅಂಗಡಿಯಲ್ಲಿ ಎಂದೂ ಚರ್ಚೆಗೆ ಬರುವುದಿಲ್ಲ. ಲೈನ್ ಬಿಚ್ಚುವಾಗ ಉಳಿದ ಗ್ಯಾಸನ್ನು 'ಸುಯ್' ಎಂದು ಗಾಳಿಗೆ ಬಿಡುವುದು. ಆರ್-134ಎ ಓಜೋನ್ ಪದರಕ್ಕೆ ಹಾನಿ ಮಾಡುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ನೂರು ವರ್ಷದ ಲೆಕ್ಕಕ್ಕೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಜೋರು. 400 ಗ್ರಾಂ ಬಿಟ್ಟರೆ 570 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ಲೀಟರಿಗೆ 20 ಕಿ.ಮೀ. ಕೊಡುವ ಪೆಟ್ರೋಲ್ ಕಾರು ಅಷ್ಟು ಹೊಗೆ ಬಿಡಬೇಕಾದರೆ ಹತ್ತಿರ ಹತ್ತಿರ 5,000 ಕಿ.ಮೀ. ಓಡಬೇಕು, ಅಂದರೆ ಚೆನ್ನೈಯಿಂದ ಶಿವಮೊಗ್ಗಕ್ಕೆ ನಾಲ್ಕು ಸಲಕ್ಕಿಂತ ಒಂದು ಕೈ ಕಡಿಮೆ ಹೋಗಿ ಬಂದಷ್ಟು. ವರ್ಷವರ್ಷ ಟಾಪ್‌ಅಪ್ ಮಾಡಿಸುವವರು ಅಷ್ಟನ್ನು ಕಾರು ನಿಂತಲ್ಲೇ ಖರ್ಚು ಮಾಡುತ್ತಿದ್ದಾರೆ. ಗ್ಯಾಸ್ ಹಿಡಿದಿಡುವ ರಿಕವರಿ ಯಂತ್ರ ಇರುವ ಅಂಗಡಿಗಳಿವೆ. ಕೇಳುವವರಿದ್ದರೆ ಇನ್ನಷ್ಟು ಅಂಗಡಿಗಳು ತರುತ್ತವೆ.

ಹೋಗುವುದಾದರೆ ಜನವರಿಯಲ್ಲಿ ಹೋಗಿ. ಏಪ್ರಿಲ್ ಬಂತೆಂದರೆ ಅಣ್ಣನ ಅಂಗಡಿಯ ಮುಂದೆ ಎಂಟು ಕಾರು ನಿಂತಿರುತ್ತವೆ, ಎಂಟೂ ಜನಕ್ಕೆ ಸಂಜೆಯೊಳಗೆ ಬೇಕು. ಪೊಂಗಲ್ ರಜೆ ಮುಗಿದ ವಾರ ಅವರಿಗೂ ಪುರುಸೊತ್ತು, ಕಂಪ್ರೆಸರ್ ಅಂಗಡಿಯವರೂ ಫೋನ್ ಎತ್ತುತ್ತಾರೆ. ಏಸಿ ಅಷ್ಟೇನೂ ಬೇಕಿಲ್ಲದ ಆ ದಿನಗಳಲ್ಲೇ ಗುಂಡಿ ಒತ್ತಿ, ಬಾನೆಟ್ ತೆಗೆದು, ಕಂಡೆನ್ಸರ್‌ನ ಕೆಳತುದಿಯಲ್ಲಿ ಕಪ್ಪು ಎಣ್ಣೆಕಲೆ ಇದೆಯೇ ಎಂದು ಒಂದು ಸಲ ಟಾರ್ಚ್ ಹಾಕಿ ನೋಡಿ.